ಪಾಂಡಿಚೇರಿಗೆ ಬಂದ ಗಾಳಿ, ನಮ್ಮ ಅಂಗಳಕ್ಕೆ ಬಂದ ಮಳೆ

2024ರ ಡಿಸೆಂಬರ್ 1, ಭಾನುವಾರ. 'ಫೆಂಗಲ್' ಚಂಡಮಾರುತ ಹಿಂದಿನ ರಾತ್ರಿ ಪುದುಚೇರಿ ಹತ್ತಿರ ದಡ ಸೇರಿತು, ಈಗ ದುರ್ಬಲವಾಗುತ್ತಿದೆ ಎಂದು ಸುದ್ದಿಯಲ್ಲಿ ಬಂತು. ಅಂಗಳದ ತುಂಬ ಅಡಿಕೆ ಇತ್ತು. ನಮ್ಮ ಕರಾವಳಿಗೂ ಮಳೆಯ ಎಚ್ಚರಿಕೆ ಇತ್ತು, ಅದನ್ನು ಕೇಳಿಸಿಕೊಂಡಿದ್ದೆ ಕೂಡಾ. ಆದರೆ ತಲೆಗೆ ಹೋದದ್ದು 'ದುರ್ಬಲ' ಎಂಬ ಒಂದೇ ಶಬ್ದ. ಸಂಜೆ ಸಿಕ್ಕಿದ ನೆರೆಮನೆಯ ಭಾವನೂ ಅದನ್ನೇ ಹೇಳಿದರು, "ಅದು ಪಾಂಡಿಚೇರಿಗೆ ಬಂದದ್ದಲ್ವಾ ಭಾವ, ನಮ್ಮಲ್ಲಿಗೆ ಎಂತಕ್ಕೆ ಬರ್ತದೆ? ನಡುವೆ ಘಟ್ಟ ಉಂಟು." ನನಗೂ ಸರಿ ಅನಿಸಿತು. ಬೆಂಗಳೂರಿನಿಂದ ಅಳಿಯ ಫೋನು ಮಾಡಿ, "ಮಾವ, ಇಲ್ಲಿ ಬಿಸಿಲೇ ಇಲ್ಲ, ಜಿಟಿಜಿಟಿ ಮಳೆ, ಸ್ವೆಟರ್ ಹಾಕಿ ಕೂತಿದ್ದೇವೆ" ಅಂದಾಗಲೂ ನಾನು ಎಚ್ಚರವಾಗಲಿಲ್ಲ.

ಸೋಮವಾರ ಮೋಡ ಕಟ್ಟಿತು. ಮತ್ತೆ ಸುರಿದ ಮಳೆ ನೋಡಿದರೆ ಡಿಸೆಂಬರ್ ಅಂತ ಹೇಳುವ ಹಾಗಿರಲಿಲ್ಲ. ಮಂಗಳವಾರ ಜಿಲ್ಲೆಯ ಶಾಲೆಗಳಿಗೆ ರಜೆ ಕೊಟ್ಟರು. ನನ್ನ ಅಂಗಳದ ಅಡಿಕೆಗೆ ರಜೆ ಕೊಡುವವರಾರು? ಇಬ್ಬರು ಸೇರಿ ಅವಸರದಲ್ಲಿ ಗುಡ್ಡೆ ಹಾಕಿ, ಟರ್ಪಾಲು ಮುಚ್ಚಿ, ಅಂಚಿಗೆ ಕಲ್ಲು ಹೇರಿದೆವು. ಮೂರನೇ ದಿನ ಟರ್ಪಾಲು ಎತ್ತಿದಾಗ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಗುಡ್ಡೆಯ ಒಳಗೆ ಕೈ ಹಾಕಿದರೆ ಬೆಚ್ಚಗೆ, ಅಡಿಕೆಯ ಮೈಮೇಲೆ ಬಿಳಿ ಬೂಸ್ಟು.

ನಷ್ಟದ ಕತೆ ಎಲ್ಲರ ಮನೆಯಲ್ಲೂ ಇರುತ್ತದೆ. ಆದರೆ ಆ ಮಳೆ ಹೇಳದೆ ಬಂದದ್ದಲ್ಲ, ಎರಡು ದಿನ ಮೊದಲೇ ಹೇಳಿ ಬಂದದ್ದು. ವರದಿಯನ್ನು ಓದುವ ಕ್ರಮ ನನಗೆ ಗೊತ್ತಿರಲಿಲ್ಲ, ಅಷ್ಟೆ. ಆ ವರ್ಷದಿಂದ ಈಚೆಗೆ ಚಳಿಗಾಲದ ಹವಾಮಾನ ವರದಿಯನ್ನು ಪಾಠ ಓದಿದ ಹಾಗೆ ಓದುತ್ತಿದ್ದೇನೆ. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ದುರ್ಬಲವಾದದ್ದು ಗಾಳಿ, ಮಳೆಯಲ್ಲ

ವಾಯುಭಾರ ಕುಸಿತ, ತೀವ್ರ ವಾಯುಭಾರ ಕುಸಿತ, ಚಂಡಮಾರುತ – ಈ ಹೆಸರುಗಳನ್ನೆಲ್ಲ ಇಡುವುದು ಗಾಳಿಯ ವೇಗದ ಮೇಲೆ. ಗಂಟೆಗೆ 62 ಕಿಲೋಮೀಟರಿಗೆ ಏರಿದರೆ ಚಂಡಮಾರುತ. 50ರಿಂದ 61ರ ನಡುವೆ ತೀವ್ರ ವಾಯುಭಾರ ಕುಸಿತ. ಅದಕ್ಕೂ ಕೆಳಗೆ, 31ರವರೆಗೆ ಬರೇ ವಾಯುಭಾರ ಕುಸಿತ. ಭೂಮಿಗೆ ಹತ್ತಿದ ಮೇಲೆ ಬೆಚ್ಚಗಿನ ಸಮುದ್ರದಿಂದ ಸಿಗುತ್ತಿದ್ದ ಆವಿ ನಿಂತುಹೋಗುತ್ತದೆ, ಗಾಳಿ ಇಳಿಯುತ್ತದೆ, ಹೆಸರೂ ಇಳಿಯುತ್ತದೆ. ಆದರೆ ಹೊತ್ತುಕೊಂಡು ಬಂದ ನೀರು ಎಲ್ಲಿಗೆ ಹೋಗಬೇಕು? ಫೆಂಗಲ್ ದಡ ಸೇರಿ ಗಾಳಿ ತಗ್ಗಿದ ಮೇಲೆಯೇ ತಮಿಳುನಾಡಿನ ಒಳನಾಡು, ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನ 50 ಸೆಂಟಿಮೀಟರ್ ಮಳೆ ಸುರಿಯಿತು. ಸಮುದ್ರದಿಂದ ಅಷ್ಟು ದೂರದ ಊರು ಅದು.

ಹೀಗೆ ಬಲ ಕಳಕೊಂಡ ಸುಳಿ ಪಶ್ಚಿಮಕ್ಕೆ ತೆವಳುತ್ತಾ ನಮ್ಮ ಕಡೆಯ ಸಮುದ್ರದ ಹತ್ತಿರ ಬಂದಾಗ ಅರಬ್ಬಿ ಸಮುದ್ರದ ಆವಿಯನ್ನೂ ಎಳೆದುಕೊಳ್ಳುತ್ತದೆ. ಘಟ್ಟ ತಡೆಯುತ್ತದೆ ಎಂಬ ನಮ್ಮ ಧೈರ್ಯ ಅಲ್ಲಿಗೆ ಮುಗಿಯಿತು.

ಹಾಗಾದರೆ ಬಂಗಾಳ ಕೊಲ್ಲಿಯಲ್ಲಿ ಎದ್ದದ್ದೆಲ್ಲ ನಮ್ಮಲ್ಲಿಗೆ ಬರುತ್ತದಾ? ಇಲ್ಲ. ನಕ್ಷೆ ನೋಡಿ. ಪುದುಚೇರಿ 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸು, ಮಂಗಳೂರು 13ರ ಆಸುಪಾಸು. ಹೆಚ್ಚುಕಡಿಮೆ ಒಂದೇ ಗೆರೆ. ಅಲ್ಲಿ ಹೊಕ್ಕು ಪಶ್ಚಿಮಕ್ಕೆ ನಡೆದದ್ದು ನಮ್ಮ ತಲೆಯ ಮೇಲೆಯೇ ದಾಟಬೇಕು. 2022ರ ಡಿಸೆಂಬರ್ 9ರ ರಾತ್ರಿ ಮಹಾಬಲಿಪುರದ ಹತ್ತಿರ ದಡ ಸೇರಿದ 'ಮಾಂಡೂಸ್' ಕೂಡಾ ಹೀಗೆಯೇ ಬಲ ಕುಂದಿ ಅರಬ್ಬಿ ಸಮುದ್ರಕ್ಕೆ ಇಳಿಯಿತು. 2023ರ ಡಿಸೆಂಬರ್ 5ರಂದು ಬಂದ 'ಮಿಚಾಂಗ್' ಚೆನ್ನೈಯನ್ನು ಮುಳುಗಿಸಿದರೂ ಉತ್ತರಕ್ಕೆ ಸರಿದು ಆಂಧ್ರದ ಬಾಪಟ್ಲದ ಹತ್ತಿರ ದಡ ಹತ್ತಿತು. ಅದು 16 ಡಿಗ್ರಿಯ ಗೆರೆ, ನಮ್ಮ ದಾರಿಯಲ್ಲ. ಆದ್ದರಿಂದ ಚಂಡಮಾರುತದ ಸುದ್ದಿ ಬಂದಾಗ ನಾನು ಈಗ ಕೇಳುವ ಮೊದಲ ಪ್ರಶ್ನೆ, 'ಯಾವ ಊರಿನಲ್ಲಿ ದಡ ಸೇರುತ್ತದೆ?' ನಾಗಪಟ್ಟಣಂ, ಕಡಲೂರು, ಪುದುಚೇರಿ, ಚೆನ್ನೈ ಎಂದರೆ ಎರಡನೇ ಪ್ರಶ್ನೆ, 'ಆಮೇಲೆ ಯಾವ ದಿಕ್ಕಿಗೆ?' ಪಶ್ಚಿಮ ಎಂದರೆ ಗೋಣಿ ಹುಡುಕಲಿಕ್ಕೆ ಶುರು. ನಮಗೆ ಎರಡರಿಂದ ನಾಲ್ಕು ದಿನ ಸಮಯ ಇರುತ್ತದೆ.

ಈ ನಡುವೆ ಮೂಡು ದಿಕ್ಕಿನ ಊರುಗಳ ಸುದ್ದಿ ಇಟ್ಟುಕೊಳ್ಳುವುದು ಒಳ್ಳೆಯದು. ಕೋಲಾರ, ಬೆಂಗಳೂರು, ಮೈಸೂರು, ಮಡಿಕೇರಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯತ್ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ, ಅವರ 'ವರುಣಮಿತ್ರ' ಸಹಾಯವಾಣಿಗೆ ಯಾವ ಹೊತ್ತಿಗೂ ಫೋನು ಮಾಡಬಹುದು. ಅದಕ್ಕಿಂತ ಸುಲಭ, ಬೆಂಗಳೂರಲ್ಲಿರುವ ಮಕ್ಕಳನ್ನೋ ಅಳಿಯನನ್ನೋ ಕೇಳುವುದು. ಅವರು ಸ್ವೆಟರ್ ಹಾಕಿದ್ದಾರೆ ಅಂದರೆ ನಾವು ಟರ್ಪಾಲು ತೆಗೆಯಬೇಕು.

ಹಸಿರು ಬಣ್ಣ ಅಂದರೆ ಮಳೆ ಇಲ್ಲ ಅಂತಲ್ಲ

ಹಳದಿ, ಕಿತ್ತಳೆ, ಕೆಂಪು ಎಂದು ಇಲಾಖೆ ಬಣ್ಣ ಕೊಡುತ್ತದೆ. ಒಂದು ದಿನಕ್ಕೆ 64.5 ಮಿ.ಮೀ. ದಾಟಿದರೆ ಅವರ ಲೆಕ್ಕದಲ್ಲಿ 'ಭಾರಿ ಮಳೆ'. 115.6ರಿಂದ ಮೇಲೆ 'ಅತಿ ಭಾರಿ'. ಮಳೆಯ ಎಚ್ಚರಿಕೆಯ ಬಣ್ಣಗಳು ಈ ಅಳತೆಗಳ ಮೇಲೆ ನಿಂತಿವೆ. ಹೊಳೆ ಉಕ್ಕೀತು, ಗುಡ್ಡೆ ಜರಿದೀತು, ಜನರಿಗೆ ತೊಂದರೆಯಾದೀತು ಎಂಬುದಕ್ಕೆ ಅದು ಸರಿಯಾದ ಅಳತೆಯೇ. ಆದರೆ ಅಡಿಕೆ ಅಂಗಳದ ಅಳತೆ ಬೇರೆ. ಒಂದು ಮಿ.ಮೀ. ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಸಾವಿರ ಚದರಡಿಯ ಅಂಗಳಕ್ಕೆ ಹತ್ತು ಮಿ.ಮೀ. ಬಿದ್ದರೆ ಒಂಬೈನೂರು ಲೀಟರಿಗೂ ಹೆಚ್ಚು. ಇದಕ್ಕೆ ಇಲಾಖೆಯ ಹೆಸರು 'ಹಗುರ ಮಳೆ', ಬಣ್ಣ ಹಸಿರು. ನಮಗೆ ಅಷ್ಟೇ ಸಾಕಲ್ಲ, ಅರ್ಧ ಒಣಗಿದ ಚಾಲಿ ಹಾಳಾಗಲಿಕ್ಕೆ!

ಇನ್ನೊಂದು ತಪ್ಪು ತಿಳುವಳಿಕೆ 'ಒಂದೆರಡು ಕಡೆ' ಎಂಬ ಮಾತಿನದ್ದು. 'ಕರಾವಳಿಯ ಬಹುತೇಕ ಕಡೆ ಮಳೆ, ಒಂದೆರಡು ಕಡೆ ಭಾರಿ ಮಳೆ' ಎಂದು ಓದಿದ್ದನ್ನು ನಾವು 'ಒಂದೆರಡು ಕಡೆ ಮಳೆಯಂತೆ' ಅಂತ ಮನೆಯಲ್ಲಿ ಹೇಳಿಬಿಡುತ್ತೇವೆ. ಇವು ಲೆಕ್ಕವಿರುವ ಶಬ್ದಗಳು. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಆದರೆ 'ಒಂದೆರಡು ಕಡೆ', 26ರಿಂದ 50 'ಕೆಲವು ಕಡೆ', 51ರಿಂದ 75 'ಹಲವು ಕಡೆ', ಅದಕ್ಕೂ ಮೇಲೆ 'ಬಹುತೇಕ ಕಡೆ'. ಅಂಗಳದಲ್ಲಿ ಅಡಿಕೆ ಇದ್ದವರು 'ಭಾರಿ' ಎಂಬ ಶಬ್ದ ಎಲ್ಲಿದೆ ಅಂತ ಹುಡುಕುವುದು ಬೇಡ. ಬರೇ 'ಮಳೆ' ಎಂಬುದರ ಹಿಂದೆ 'ಹಲವು' ಇದೆಯೋ 'ಬಹುತೇಕ' ಇದೆಯೋ ನೋಡಿದರೆ ಸಾಕು.

ಉಷ್ಣತೆಯ ಎರಡು ಅಂಕೆಗಳು

ಇದು ನನಗೆ ಎಲ್ಲಕ್ಕಿಂತ ಉಪಯೋಗವಾದ ಸಂಗತಿ. ಕೃಷಿ ಹವಾಮಾನ ವರದಿ ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ, ಮುಂದಿನ ಐದು ದಿನದ್ದು. 'ಮೇಘದೂತ್' ಆ್ಯಪ್‌ನಲ್ಲೂ ಸಿಗುತ್ತದೆ. ಮಳೆ, ಗರಿಷ್ಠ ಉಷ್ಣತೆ, ಕನಿಷ್ಠ ಉಷ್ಣತೆ, ತೇವಾಂಶ, ಗಾಳಿ, ಮೋಡ ಎಂದು ಸಾಲುಗಳಿರುತ್ತವೆ. ನಾವು ಮಳೆಯ ಸಾಲು ನೋಡಿ ಮಡಚಿ ಇಡುತ್ತೇವೆ.

ಗರಿಷ್ಠ 33, ಕನಿಷ್ಠ 19 ಅಂತ ಇದೆಯೆಂದುಕೊಳ್ಳಿ. ನಡುವೆ 14 ಡಿಗ್ರಿ ಅಂತರ. ಆಕಾಶ ಖಾಲಿ, ಗಾಳಿ ಒಣ ಎಂದು ಅರ್ಥ. ಹಗಲು ಬಿಸಿಲು ಕಾಯುತ್ತದೆ, ರಾತ್ರಿ ನೆಲದ ಬಿಸಿ ತಡೆಯಿಲ್ಲದೆ ಮೇಲಕ್ಕೆ ಹೋಗುತ್ತದೆ, ಬೆಳಗ್ಗೆ ಚಳಿ. ಗರಿಷ್ಠ 28, ಕನಿಷ್ಠ 23 ಅಂತ ಇದ್ದರೆ ಅಂತರ ಐದೇ. ಮೋಡ ಕಂಬಳಿ ಹೊದ್ದ ಹಾಗೆ ಕೂತಿದೆ, ಹಗಲು ಬಿಸಿಲಿಲ್ಲ, ರಾತ್ರಿ ತಂಪಿಲ್ಲ. ಮಳೆಯ ಸಾಲಿನಲ್ಲಿ ಸೊನ್ನೆ ಇದ್ದರೂ ಆ ದಿನ ಅಡಿಕೆ ಒಣಗುವುದಿಲ್ಲ. ಮೋಡದ ಸಾಲನ್ನೂ ಜೊತೆಗೆ ನೋಡಿ. ಅಲ್ಲಿ 0ಯಿಂದ 8ರವರೆಗೆ ಅಂಕೆ ಇರುತ್ತದೆ. 0 ಎಂದರೆ ಶುಭ್ರ ಆಕಾಶ, 8 ಎಂದರೆ ಪೂರ್ತಿ ಮುಚ್ಚಿದ್ದು.

ಚಳಿಯಲ್ಲಿ ಎರಡು ಬಗೆ ಎಂದು ನನಗೆ ಗೊತ್ತಾದದ್ದು ಇದರಿಂದಲೇ. ಚಂಡಮಾರುತದ ಹೊತ್ತಿಗೆ ಬೆಂಗಳೂರಿನವರು ನಡುಗುವುದು ಹಗಲಿನ ಚಳಿಗೆ. ಗರಿಷ್ಠ ಉಷ್ಣತೆ ಬಿದ್ದಿರುತ್ತದೆ, ಕನಿಷ್ಠ ಅಷ್ಟೇನೂ ಇಳಿದಿರುವುದಿಲ್ಲ. ಅದು ಒದ್ದೆ ಚಳಿ. ಸುಳಿ ದಾಟಿ ಹೋದ ಮೇಲೆ ಮೋಡ ಸರಿದು, ಈಶಾನ್ಯದ ಒಣಗಾಳಿ ಬೀಸಿದಾಗ ಬರುವುದು ರಾತ್ರಿಯ ಚಳಿ. 'ಶೀತ ಗಾಳಿ' ಎಂದು ಬೀದರ್, ವಿಜಯಪುರ, ಕಲಬುರಗಿ ಕಡೆಗೆ ಎಚ್ಚರಿಕೆ ಕೊಡುವುದು ಇದಕ್ಕೆ. ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣತೆ 10 ಡಿಗ್ರಿಗೆ ಇಳಿದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕಡಿಮೆ ಆಗಬೇಕು. ಕರಾವಳಿಗೆ ಆ ಮಿತಿ 15 ಡಿಗ್ರಿ, ನಮಗೆ ಅಷ್ಟು ಇಳಿಯುವುದು ಬಲು ಅಪರೂಪ. ಅಲ್ಲಿನ ರೈತರಿಗೆ ಅದು ಕಷ್ಟದ ಸುದ್ದಿಯೇ. ನಮ್ಮ ಅಂಗಳಕ್ಕೆ ಮಾತ್ರ ಒಳ್ಳೆಯ ಸುದ್ದಿ, ಒಣಬಿಸಿಲಿನ ದಿನಗಳು ಬಂದವು ಎಂದು.

ಯಾವುದನ್ನು ಮೊದಲು ಒಳಗೆ ಹಾಕಬೇಕು

2024ರಲ್ಲಿ ನನ್ನ ಅಂಗಳದಲ್ಲಿ ಮೂರು ಬಗೆಯ ಅಡಿಕೆ ಇತ್ತು. ಮೊದಲೇ ಹೆಕ್ಕಿ ಹಾಕಿದ, ಬಹುತೇಕ ಒಣಗಿದ ಬಿದ್ದ ಅಡಿಕೆ ಸ್ವಲ್ಪ. ಹದಿನಾರು ದಿನ ಬಿಸಿಲು ಕಂಡ ಮೊದಲ ಕೊಯ್ಲು. ಎರಡು ದಿನದ ಹಿಂದೆ ಕೊಯ್ದ ಹೊಸತು. ಅವಸರದಲ್ಲಿ ನಾನು ಒಣಗಿದ್ದನ್ನು ಅಟ್ಟಕ್ಕೆ ಹಾಕಿದೆ, ಹೊಸ ಹಣ್ಣಡಿಕೆಯನ್ನು ಅಂದಚಂದ ನೋಡಿ ಚಾವಡಿಯಲ್ಲಿ ಹರಡಿದೆ, ನಡುವಿನದ್ದನ್ನು ಗುಡ್ಡೆ ಹಾಕಿ ಮುಚ್ಚಿದೆ. ತಪ್ಪಿದ್ದು ಅಲ್ಲೇ. ಹೊಸ ಅಡಿಕೆಯ ಸಿಪ್ಪೆ ಇನ್ನೂ ಗಟ್ಟಿ, ಒಂದು ಮಳೆ ಬಿದ್ದರೂ ನೀರು ಮೇಲಿಂದ ಜಾರುತ್ತದೆ. ಹದಿನೈದು–ಇಪ್ಪತ್ತು ದಿನದ್ದರ ಸಿಪ್ಪೆ ಸುಕ್ಕಾಗಿ ನಾರು ಸಡಿಲಾಗಿರುತ್ತದೆ, ಅದು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಚಾವಡಿ ಕೊಡಬೇಕಾದ್ದು ಅದಕ್ಕೆ. ಏಪ್ರಿಲಿನಲ್ಲಿ ಸುಲಿದಾಗ ಆ ಗುಡ್ಡೆಯದ್ದರಲ್ಲಿಯೇ ಕರಿಗೋಟು, ಪಟೋರದ ಪಾಲು ಎದ್ದು ಕಂಡಿತು. ಆ ವರ್ಷ ಸಹಕಾರಿ ಸಂಘದ ಕಂತು ಕಟ್ಟಲಿಕ್ಕೆ ಒಳ್ಳೆಯ ಮಾಲನ್ನೇ ದರ ಏರುವ ಮೊದಲು ಕೊಡಬೇಕಾಯಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಗುಡ್ಡೆ ಹಾಕದೆ ಗತಿಯಿಲ್ಲ ಅಂತಾದರೆ ಒಂದು ಮೊಣಕಾಲಿಗಿಂತ ಎತ್ತರ ಬೇಡ. ಟರ್ಪಾಲನ್ನು ಅಡಿಕೆಯ ಮೇಲೆಯೇ ಹಾಸಬೇಡಿ. ಹಗ್ಗ ಕಟ್ಟಿ ಗುಡಾರದ ಹಾಗೆ ಮಾಡಿ, ಎರಡು ತುದಿ ತೆರೆದಿಡಿ. ಮಳೆ ಬಿಟ್ಟ ಹೊತ್ತಿಗೆಲ್ಲ ಮಗುಚಿ. ಸೋಲಾರ್ ಗೂಡು ಇದ್ದವರು ಪುಣ್ಯವಂತರು, ಆದರೆ ಮೋಡದ ದಿನ ಅದರ ಬಾಗಿಲು ಮುಚ್ಚಿಟ್ಟರೆ ಅಲ್ಲೂ ಬೂಸ್ಟೇ. ಘಟ್ಟದ ಮೇಲೆ ಕೆಂಪಡಿಕೆ ಮಾಡುವವರ ಕಷ್ಟ ನಮಗಿಂತ ದೊಡ್ಡದು. ಬೇಯಿಸಿದ್ದಕ್ಕೆ ಮೊದಲ ಎರಡು ದಿನ ಬಿಸಿಲು ತಪ್ಪಿದರೆ ಬಣ್ಣವೇ ಹೋಗುತ್ತದೆ. ಸುಳಿ ಪಶ್ಚಿಮಕ್ಕೆ ಹೊರಟಿದೆ ಅಂದ ದಿನ ಅವರು ಕೊನೆ ಇಳಿಸದೆ ಇರುವುದೇ ಒಳ್ಳೆಯದು. ಚಾಲಿಯವರಿಗೂ ಅಷ್ಟೆ, ಕೊಯ್ಲಿಗೆ ಜನ ಸಿಕ್ಕಿದರು ಅಂತ ಆ ವಾರ ಕೊಯ್ಯಿಸಬೇಡಿ. ಜನ ಸಿಗುವುದು ಕಷ್ಟ ಅಂತ ನನಗೂ ಗೊತ್ತು, ಆದರೂ.

ಮಳೆ ಹೋಗಿ ಚಳಿ ಹತ್ತಿದ ಮೇಲೆ ಇನ್ನೊಂದು ಕೆಲಸ. ಒದ್ದೆಯಾದ ಅಡಿಕೆಗೆ ರಾತ್ರಿ ಪ್ಲಾಸ್ಟಿಕ್ ಮುಚ್ಚಿದರೆ ಬೆಳಗ್ಗೆ ಅದರ ಒಳಮೈಯಲ್ಲಿ ನೀರು ತೊಟ್ಟಿಕ್ಕುತ್ತದೆ. ಅದು ಹೊರಗಿನ ಇಬ್ಬನಿಯಲ್ಲ, ಅಡಿಕೆಯಿಂದಲೇ ಎದ್ದ ಆವಿ. ಮೊದಲ ಎರಡು–ಮೂರು ದಿನ ತೆಳ್ಳಗೆ ಹರಡಿ ಹಾಗೇ ಬಿಡುವುದು ವಾಸಿ, ಮೇಲಿನ ಇಬ್ಬನಿ ಹತ್ತು ಗಂಟೆಯ ಬಿಸಿಲಿಗೆ ಆರುತ್ತದೆ.

ತೋಟದೊಳಗೆ ಈ ಮಳೆ ಪೂರಾ ಶತ್ರುವಲ್ಲ. ಗೇರು ಚಿಗುರು, ಹೂವು ಬಿಡುವ ಸಮಯ ಇದು, ಮೋಡ ಕಳೆದ ಮೇಲೆ ಟೀ ಸೊಳ್ಳೆ ಬಂದಿದೆಯೋ ಎಂದು ಎಳೆ ಕುಡಿ ನೋಡಿಕೊಳ್ಳಿ. ಅಡಿಕೆಗೆ ನೀರಿನ ಉಳಿತಾಯ ಉಂಟು. ನವೆಂಬರ್–ಡಿಸೆಂಬರಿನಲ್ಲಿ ಏಳೆಂಟು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಎಂಬುದು ಶಿಫಾರಸು. ಒಂಬತ್ತು ಅಡಿ ಅಂತರದ ತೋಟದಲ್ಲಿ ಒಂದು ಮರದ ಪಾಲಿಗೆ ಬರುವ ಜಾಗ ಏಳೂವರೆ ಚದರ ಮೀಟರ್. 25 ಮಿ.ಮೀ. ಮಳೆ ನಿಧಾನಕ್ಕೆ ಬಿದ್ದು ಇಂಗಿದರೆ ಒಂದು ಸಲದ ನೀರು ಬಂದ ಹಾಗೆಯೇ. ಮಳೆಮಾಪಕ ಇಲ್ಲದವರು ನೇರ ಬದಿಯ ಡಬ್ಬಿಯೊಂದನ್ನು ಬಯಲಿನಲ್ಲಿ ಇಟ್ಟು ಸ್ಕೇಲಿನಲ್ಲಿ ಅಳೆದರೂ ಆಯ್ತು, ಬೆಳಗ್ಗೆ ಎಂಟೂವರೆಗೆ. ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ, ಹಾಗಾಗಿ ಪೇಪರಿನಲ್ಲಿ ಬಂದ ಅಂಕೆಯ ಜೊತೆ ನಿಮ್ಮದನ್ನು ಇಟ್ಟು ನೋಡಬಹುದು. ನನ್ನ ಅಂಗಳಕ್ಕೂ ಪೇಟೆಯ ಅಂಕೆಗೂ ಎಷ್ಟೋ ಸಲ ತಾಳೆಯೇ ಆಗುವುದಿಲ್ಲ. ಆ ವ್ಯತ್ಯಾಸವನ್ನೂ ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡುತ್ತಿದ್ದೇನೆ.