ಕಣ್ಣಿನ ಮೇಲೊಂದು ಮಸೂರ, ಕಣ್ಣಿನ ಒಳಗೊಂದು ಮಸೂರ

ಕಣ್ಣು ಒಂದೇ, ನಂಬರ್ ಮೂರು. ಕನ್ನಡಕದ ಚೀಟಿಯಲ್ಲಿ −8.00 ಅಂತ ಇದೆ. ಅದೇ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ತಗೊಂಡರೆ ಡಬ್ಬಿ ಮೇಲೆ −7.50 ಅಂತಿರುತ್ತದೆ. ಅದೇ ಕಣ್ಣಿನೊಳಗೆ ಆಪರೇಷನ್ ಮಾಡಿ ಲೆನ್ಸ್ ಕೂರಿಸಿದರೆ ಅದರ ಪವರ್ ಹತ್ತಿರ ಹತ್ತಿರ −9. ಅಳೆದವರು ಯಾರೂ ತಪ್ಪಿಲ್ಲ. ಮೂರೂ ಸರಿ. ಯಾಕೆ ಅಂತ ತಿಳಿಯಲು ಪಿಯುಸಿಯಲ್ಲಿ ಓದಿದ ಬೆಳಕಿನ ಪಾಠ ಸಾಕು.

ಮಸೂರದ ಪವರ್ ಅಂದರೆ ಮೀಟರ್‌ನಲ್ಲಿ ಅಳೆದ ನಾಭಿದೂರದ ವಿಲೋಮ. ನಮ್ಮ ಇಡೀ ಕಣ್ಣಿನದು ಸುಮಾರು 60 ಡಯಾಪ್ಟರ್. ಅದರಲ್ಲಿ 43ರಷ್ಟು ಕೆಲಸವನ್ನು ಕಣ್ಣಿನ ಮುಂಭಾಗದ ಪಾರದರ್ಶಕ ಗಾಜು, ಅಂದರೆ ಕಾರ್ನಿಯಾ ಮಾಡುತ್ತದೆ. ಉಳಿದದ್ದು ಒಳಗಿನ ಮಸೂರದ ಪಾಲು. ಕಣ್ಣುಗುಡ್ಡೆ ಸುಮಾರು 24 ಮಿ.ಮೀ. ಉದ್ದ. ಅದು ಒಂದೇ ಒಂದು ಮಿ.ಮೀ. ಹೆಚ್ಚು ಬೆಳೆದರೂ ಎರಡೂವರೆ ಮೂರು ಡಯಾಪ್ಟರ್ ಮೈನಸ್ ಬರುತ್ತದೆ. −8 ಇದ್ದವರಿಗೆ ಏನೂ ಹಾಕಿಕೊಳ್ಳದೆ ಸ್ಪಷ್ಟವಾಗಿ ಕಾಣುವುದು ಹನ್ನೆರಡೂವರೆ ಸೆಂಟಿಮೀಟರ್ ತನಕ ಮಾತ್ರ. ಅಂದರೆ ಮೂಗಿನ ತುದಿಯಿಂದ ಸ್ವಲ್ಪ ಆಚೆ.

ಕನ್ನಡಕ ಕಣ್ಣಿನಿಂದ ಸುಮಾರು 12 ಮಿ.ಮೀ. ದೂರದಲ್ಲಿ ಕೂರುತ್ತದೆ. ಮೈನಸ್ ಮಸೂರದಿಂದ ಹೊರಟ ಕಿರಣಗಳು ಹರಡುತ್ತಾ ಬರುವುದರಿಂದ ಕಾರ್ನಿಯಾ ಮುಟ್ಟುವ ಹೊತ್ತಿಗೆ ಅವುಗಳ ಹರಡುವಿಕೆ ಸ್ವಲ್ಪ ಕಡಿಮೆಯಾಗಿರುತ್ತದೆ. ಲೆಕ್ಕ ಹೀಗೆ: 8 ಅನ್ನು 0.012ರಿಂದ ಗುಣಿಸಿ 1ಕ್ಕೆ ಕೂಡಿಸಿದರೆ 1.096. ಅದರಿಂದ 8 ಅನ್ನು ಭಾಗಿಸಿದರೆ 7.3. ಹಾಗಾಗಿ ಕಾರ್ನಿಯಾ ಮೇಲೆಯೇ ಕೂರುವ ಲೆನ್ಸ್‌ಗೆ −7.3 ಸಾಕು. −6 ದಾಟಿದ ಮೇಲೆ ಎಷ್ಟೋ ಬ್ರಾಂಡ್‌ಗಳಲ್ಲಿ ಅರ್ಧರ್ಧ ಡಯಾಪ್ಟರ್ ಲೆಕ್ಕದಲ್ಲೇ ಸಿಗುವುದರಿಂದ −7.50 ಕೊಡುತ್ತಾರೆ. ಕಣ್ಣಿನೊಳಗೆ ಹೋದರೆ ಲೆಕ್ಕ ತಿರುಗುತ್ತದೆ. ಅಲ್ಲಿಗೆ ತಲುಪುವ ಹೊತ್ತಿಗೆ ಕಾರ್ನಿಯಾ ಕಿರಣಗಳನ್ನು ಒಟ್ಟುಗೂಡಿಸಲು ಶುರುಮಾಡಿರುತ್ತದೆ, ಮುಂದೆ ಉಳಿದಿರುವ ದಾರಿಯೂ ಕಡಿಮೆ. ಅಷ್ಟರಲ್ಲೇ ಅದೇ ತಿದ್ದುಪಡಿ ಮಾಡಬೇಕಾದರೆ ಹೆಚ್ಚು ಪವರ್ ಬೇಕು. ಕಾರ್ನಿಯಾದಿಂದ ಮೂರೂವರೆ ಮಿ.ಮೀ. ಒಳಗೆ ಅಂತ ಇಟ್ಟುಕೊಂಡು ನಾವು ಲೆಕ್ಕ ಹಾಕಿದಾಗ −9.1 ಬಂತು. ನೀವೂ ಹಾಕಿ ನೋಡಿ. ಒಳಗಿನ ದ್ರವದ ವಕ್ರೀಭವನ ಸೂಚ್ಯಂಕ 1.336 ಅನ್ನುವುದನ್ನು ಮರೆಯಬೇಡಿ.

ಈಗ ಎರಡನ್ನೂ ಒಂದೊಂದಾಗಿ ನೋಡೋಣ.

ಕಾಂಟ್ಯಾಕ್ಟ್ ಲೆನ್ಸ್‌ನ ಕಥೆ ಅಂದರೆ ಆಮ್ಲಜನಕದ ಕಥೆ. ಕಾರ್ನಿಯಾ ಪಾರದರ್ಶಕವಾಗಿರಬೇಕು, ಹಾಗಾಗಿ ಅದರಲ್ಲಿ ರಕ್ತನಾಳಗಳಿಲ್ಲ. ಬೇಕಾದ ಆಮ್ಲಜನಕದ ಬಹುಪಾಲನ್ನು ಅದು ಕಣ್ಣೀರಿನ ಪದರದ ಮೂಲಕ ನೇರ ಗಾಳಿಯಿಂದ ಎಳೆದುಕೊಳ್ಳುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇಟ್ಟರೆ? 1888ರಲ್ಲಿ ಗಾಜಿನ ಕಾಂಟ್ಯಾಕ್ಟ್ ಲೆನ್ಸ್ ಬಗ್ಗೆ ಬರೆದ ಅಡಾಲ್ಫ್ ಫಿಕ್‌ಗೂ ಇದೇ ತಲೆನೋವು; ಕೆಲವು ಗಂಟೆಗಳಿಗಿಂತ ಹೆಚ್ಚು ಯಾರಿಗೂ ಹಾಕಿಕೊಳ್ಳಲು ಆಗುತ್ತಿರಲಿಲ್ಲ. (ಹೌದು, ಮಾಸ್ ಟ್ರಾನ್ಸ್‌ಫರ್ ಪೇಪರ್‌ನಲ್ಲಿ ನಮ್ಮನ್ನು ಕಾಡುವ ಫಿಕ್ ನಿಯಮ ಇವರ ಚಿಕ್ಕಪ್ಪನದು. ಇಬ್ಬರ ಹೆಸರೂ ಅಡಾಲ್ಫ್.) ತಮಾಷೆ ಏನೆಂದರೆ, ಅಣ್ಣನ ಮಗನ ಸಮಸ್ಯೆಗೆ ಉತ್ತರ ಇದ್ದದ್ದು ಚಿಕ್ಕಪ್ಪನ ಸಮೀಕರಣದಲ್ಲೇ. ಲೆನ್ಸ್ ಮೂಲಕ ಎಷ್ಟು ಆಮ್ಲಜನಕ ಹಾದುಹೋಗುತ್ತದೆ ಅನ್ನುವುದು ಅದರ ವಿಸರಣ ಗುಣಾಂಕ, ಆಮ್ಲಜನಕ ಅದರಲ್ಲಿ ಕರಗುವ ಪ್ರಮಾಣ, ಆಮೇಲೆ ದಪ್ಪ, ಈ ಮೂರನ್ನೇ ನಂಬಿಕೊಂಡಿದೆ. ಡಬ್ಬಿ ಮೇಲೆ 'ಡಿಕೆ ಬೈ ಟಿ' ಅಂತ ಬರೆಯುವುದು ಇದನ್ನೇ.

1961ರ ಕ್ರಿಸ್‌ಮಸ್‌ನಲ್ಲಿ ಜೆಕ್ ರಸಾಯನ ವಿಜ್ಞಾನಿ ಓಟ್ಟೊ ವಿಖ್ಟರ್ಲೆ ಮಕ್ಕಳ ಆಟಿಕೆ ಸೆಟ್ಟಿನ ಪಟ್ಟಿ, ಚಕ್ರಗಳಿಗೆ ಸೈಕಲ್ ಡೈನಮೋ ಜೋಡಿಸಿ, ತಿರುಗುವ ಅಚ್ಚಿನಲ್ಲಿ ಮೆತ್ತನೆಯ ಲೆನ್ಸ್ ಎರಕ ಹೊಯ್ದರು. ಅಡುಗೆಮನೆಯ ಮೇಜಿನ ಮೇಲೆ! ನಮ್ಮ ಮಿನಿ ಪ್ರಾಜೆಕ್ಟ್‌ಗೆ ಲ್ಯಾಬ್ ಸಿಗಲಿಲ್ಲ ಅಂತ ಗೊಣಗುವಾಗ ಇದನ್ನು ನೆನಪಿಸಿಕೊಳ್ಳಬಹುದು. ಅವರು ಬಳಸಿದ್ದು ಹೆಮಾ ಎಂಬ ಅಣುವಿನಿಂದ ಕಟ್ಟಿದ, ನೀರು ಹೀರಿಕೊಳ್ಳುವ ಪಾಲಿಮರ್. ಅದರಲ್ಲಿ ಆಮ್ಲಜನಕ ಸಾಗುವುದು ನೀರಿನ ಮೂಲಕ, ಹಾಗಾಗಿ ನೀರು ಎಷ್ಟು ಬಿಡುತ್ತದೋ ಅಷ್ಟೇ ಮಿತಿ. 1990ರ ದಶಕದ ಕೊನೆಗೆ ಬಂದ ಸಿಲಿಕೋನ್ ಹೈಡ್ರೋಜೆಲ್ ಈ ಮಿತಿ ದಾಟಿತು, ಯಾಕೆಂದರೆ ಸಿಲಿಕೋನ್ ತಾನೇ ಆಮ್ಲಜನಕವನ್ನು ಸಲೀಸಾಗಿ ಬಿಡುತ್ತದೆ.

1984ರಲ್ಲಿ ಹೋಲ್ಡನ್ ಮತ್ತು ಮರ್ಟ್ಜ್ ಒಂದು ಅಳತೆಗೋಲು ಕೊಟ್ಟರು. ಎಚ್ಚರವಿದ್ದಾಗ ಹಾಕುವ ಲೆನ್ಸ್‌ಗೆ ಆ ಸಂಖ್ಯೆ ಕನಿಷ್ಠ 24 ಇರಬೇಕು, ಹಾಕ್ಕೊಂಡೇ ಮಲಗುವುದಾದರೆ 87. ಇಷ್ಟು ಅಂತರ ಯಾಕೆ? ರೆಪ್ಪೆ ಮುಚ್ಚಿದರೆ ಕಾರ್ನಿಯಾಗೆ ಸಿಗುವ ಆಮ್ಲಜನಕ ಗಾಳಿಯಲ್ಲಿರುವುದರ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಳೇ ಹೆಮಾ ಲೆನ್ಸ್‌ಗಳದ್ದು ಹತ್ತರ ಆಸುಪಾಸು. ಅಂಥದನ್ನು ಹಾಕ್ಕೊಂಡು ಮಲಗಿದರೆ ಕಾರ್ನಿಯಾ ಉಸಿರುಕಟ್ಟಿ ಊದಿಕೊಳ್ಳುತ್ತದೆ.

ಹಾಗಂತ ಹೊಸ ಲೆನ್ಸ್ ಹಾಕ್ಕೊಂಡು ಧೈರ್ಯವಾಗಿ ಮಲಗಬಹುದು ಅಂದುಕೊಂಡರೆ ಅದೂ ಆಗಲಿಲ್ಲ. ಆಮ್ಲಜನಕದ ಸಮಸ್ಯೆ ಬಗೆಹರಿದರೂ ಸೋಂಕು ಕಡಿಮೆಯಾಗಲಿಲ್ಲ. 1989ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಹಗಲು ಮಾತ್ರ ಮೆತ್ತನೆಯ ಲೆನ್ಸ್ ಹಾಕುವ 10,000 ಜನರಲ್ಲಿ ವರ್ಷಕ್ಕೆ ನಾಲ್ವರಿಗೆ ಕಾರ್ನಿಯಾ ಹುಣ್ಣಾಗುತ್ತಿತ್ತು, ಹಾಕ್ಕೊಂಡೇ ಮಲಗುವವರಲ್ಲಿ ಇಪ್ಪತ್ತೊಂದು ಜನಕ್ಕೆ. ಸಿಲಿಕೋನ್ ಹೈಡ್ರೋಜೆಲ್ ಬಂದ ಮೇಲಿನ ಅಧ್ಯಯನಗಳಲ್ಲೂ ರಾತ್ರಿಯ ಲೆಕ್ಕ ಹೆಚ್ಚುಕಡಿಮೆ ಅಲ್ಲೇ ನಿಂತಿದೆ.

ನಾವು ಹಾಸ್ಟೆಲ್‌ನಲ್ಲಿ ಮಾಡುವುದನ್ನೇ ನೋಡಿ. ಇಂಟರ್ನಲ್ಸ್ ಹಿಂದಿನ ರಾತ್ರಿ ಮೂರು ಗಂಟೆಗೆ ಪುಸ್ತಕದ ಮೇಲೇ ನಿದ್ದೆ. ಸೊಲ್ಯೂಷನ್ ಖಾಲಿಯಾದರೆ ನಲ್ಲಿ ನೀರು. ಡಬ್ಬಿ ತೊಳೆಯುವುದಂತೂ ನಲ್ಲಿ ನೀರಲ್ಲೇ. ಓವರ್‌ಹೆಡ್ ಟ್ಯಾಂಕ್ ನೀರಿನಲ್ಲಿ ಅಕಾಂತಮೀಬಾ ಎಂಬ ಏಕಕೋಶ ಜೀವಿ ಇರಬಹುದು. ಅದು ಗಟ್ಟಿ ಕೋಶ ಕಟ್ಟಿಕೊಂಡರೆ ಕ್ಲೋರಿನ್‌ಗೂ ಬಗ್ಗುವುದಿಲ್ಲ. ಅದರ ಸೋಂಕು ಅಪರೂಪ, ಆದರೆ ಬಂದರೆ ತಿಂಗಳುಗಟ್ಟಲೆ ಔಷಧಿ, ಕೆಲವರಿಗೆ ಕಾರ್ನಿಯಾ ಕಸಿ. ಲೆನ್ಸ್ ಹಾಕ್ಕೊಂಡು ಸ್ನಾನ ಮಾಡಬೇಡಿ ಅನ್ನುವುದು ಈ ಕಾರಣಕ್ಕೇ. ಖರ್ಚು ಭರಿಸಲು ಆಗುವವರಿಗೆ ದಿನಕ್ಕೊಂದು ಜೊತೆ ಎಸೆಯುವ ಲೆನ್ಸೇ ಒಳ್ಳೆಯದು ಅನ್ನುವುದು ನಮ್ಮ ಅಭಿಪ್ರಾಯ. ವರ್ಷಕ್ಕೆ 730 ಲೆನ್ಸ್ ಆಗುತ್ತದೆ ನಿಜ. ಆದರೆ ತೊಳೆಯುವ, ನೆನೆಸುವ, ಮರೆಯುವ ಕೆಲಸವೇ ಇಲ್ಲ.

ಇನ್ನು ಒಳಗಿನ ಲೆನ್ಸ್. ಅಜ್ಜ ಅಜ್ಜಿಯರ ಕಾಲದಲ್ಲಿ ಕಣ್ಣಿನ ಪೊರೆ ಆಪರೇಷನ್ ಅಂದರೆ ಮಸೂರ ತೆಗೆದುಹಾಕುವುದು, ಆಮೇಲೆ ಪ್ಲಸ್ ಹತ್ತರ ಸೋಡಾ ಬುಡ್ಡಿ ಕನ್ನಡಕ. ಡಾ. ಎಂ.ಸಿ. ಮೋದಿಯವರ ಶಿಬಿರಗಳ ಕಾಲ ಅದು. ತೆಗೆದ ಜಾಗಕ್ಕೆ ಹೊಸದನ್ನು ಇಡುವ ಯೋಚನೆ ಲಂಡನ್ನಿನ ಹೆರಾಲ್ಡ್ ರಿಡ್ಲೆಯವರದು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಅಕ್ರಿಲಿಕ್ ಗಾಜು ಚೂರಾಗಿ ಪೈಲಟ್‌ಗಳ ಕಣ್ಣಿಗೆ ಹೊಕ್ಕಿತ್ತು. ಆ ಚೂರುಗಳನ್ನು ಕಣ್ಣು ಸಹಿಸಿಕೊಂಡಿದ್ದನ್ನು ಅವರು ಗಮನಿಸಿದರು. 1949ರ ನವೆಂಬರ್ 29ರಂದು ಅದೇ ಪ್ಲಾಸ್ಟಿಕ್‌ನ ಮಸೂರವನ್ನು ರೋಗಿಯೊಬ್ಬರ ಕಣ್ಣಲ್ಲಿ ಇಟ್ಟರು. ನೈಸರ್ಗಿಕ ಮಸೂರದ ಆಕಾರವನ್ನೇ ಅನುಸರಿಸಿದ್ದರು, ಆದರೆ ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ ಅದಕ್ಕಿಂತ ಜಾಸ್ತಿ. ಪರಿಣಾಮ: ರೋಗಿಗೆ ಸುಮಾರು −18 ಪವರ್ ಬಂತು. ವಸ್ತು ಬದಲಾದರೆ ವಕ್ರತೆಯೂ ಬದಲಾಗಬೇಕು ಅನ್ನುವುದಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ನಮಗೆ ಗೊತ್ತಿಲ್ಲ.

ನಮ್ಮ ವಯಸ್ಸಿನವರಿಗೆ ಇಡುವ ಲೆನ್ಸ್ ಬೇರೆ ಥರದ್ದು. ಇಲ್ಲಿ ಸ್ವಂತ ಮಸೂರ ತೆಗೆಯುವುದೇ ಇಲ್ಲ. ಸುಮಾರು 3 ಮಿ.ಮೀ. ಗಾಯದ ಮೂಲಕ ಮಡಚಿದ ಲೆನ್ಸ್ ಒಳಗೆ ಬಿಟ್ಟು, ಅದು ಬಿಚ್ಚಿಕೊಂಡ ಮೇಲೆ ಐರಿಸ್‌ನ ಹಿಂದೆ, ಸ್ವಂತ ಮಸೂರದ ಮುಂದೆ ಸಿಕ್ಕಿಸುತ್ತಾರೆ. ಐಸಿಎಲ್ ಅಂತ ಎಲ್ಲರೂ ಕರೆಯುವುದು ಇದನ್ನೇ. ಇದರ ವಸ್ತು ಹೆಮಾ ಜೊತೆಗೆ ಹಂದಿಯಿಂದ ತೆಗೆದ ಸ್ವಲ್ಪ ಕೊಲ್ಯಾಜೆನ್ ಸೇರಿಸಿದ ಪಾಲಿಮರ್. ಅಂದರೆ ವಿಖ್ಟರ್ಲೆ ಅವರ ಅಡುಗೆಮನೆಯ ವಸ್ತುವಿನ ಸಂಬಂಧಿಯೇ. ಕೊಲ್ಯಾಜೆನ್ ಮೂಲ ಯಾವುದು ಅನ್ನುವುದು ಕೆಲವರಿಗೆ ಮುಖ್ಯವಾಗಬಹುದು, ಅದಕ್ಕೇ ಹೇಳಿದೆವು.

ಇಲ್ಲಿನ ಇಂಜಿನಿಯರಿಂಗ್ ಎಲ್ಲ ಒಂದು ಸಂದಿಯಲ್ಲಿದೆ. ಹೊಸ ಲೆನ್ಸ್‌ಗೂ ಸ್ವಂತ ಮಸೂರಕ್ಕೂ ನಡುವೆ 250ರಿಂದ 750 ಮೈಕ್ರಾನ್ ಜಾಗ ಇರಬೇಕು. ಕಡಿಮೆಯಾದರೆ ಮಸೂರಕ್ಕೆ ತಾಗಿ ಪೊರೆ ಬರಬಹುದು. ಹೆಚ್ಚಾದರೆ ಐರಿಸ್ ಮುಂದಕ್ಕೆ ತಳ್ಳಲ್ಪಟ್ಟು ದ್ರವ ಹೊರಹೋಗುವ ಮೂಲೆ ಮುಚ್ಚಿ ಒತ್ತಡ ಏರಬಹುದು. ಇದನ್ನು ಹಿಡಿತದಲ್ಲಿಡಲು ಇರುವ ಅಸ್ತ್ರವೆಂದರೆ ಲೆನ್ಸ್‌ನ ಉದ್ದ: 12.1, 12.6, 13.2, 13.7 ಮಿ.ಮೀ., ನಾಲ್ಕೇ ಸೈಜು. ಕಣ್ಣುಗಳು ನಾಲ್ಕೇ ಸೈಜಿನಲ್ಲಿ ಬರುವುದಿಲ್ಲವಲ್ಲ! ಹಾಗಾಗಿ ಆಪರೇಷನ್‌ಗಿಂತ ಅದಕ್ಕೆ ಮೊದಲಿನ ಅಳತೆಯೇ ದೊಡ್ಡ ಕೆಲಸ. ಹೊಸ ಮಾದರಿಯಲ್ಲಿ ನಡುವೆ 0.36 ಮಿ.ಮೀ. ತೂತಿದೆ. ಒಳಗಿನ ದ್ರವ ಅದರಿಂದ ಹರಿಯುತ್ತದೆ. ಹಿಂದೆ ಇದಕ್ಕಾಗಿ ಐರಿಸ್‌ಗೇ ಲೇಸರ್‌ನಿಂದ ತೂತು ಹೊಡೆಯುತ್ತಿದ್ದರು. ಅಮೆರಿಕದಲ್ಲಿ ಹಳೇ ಮಾದರಿಗೆ 2005ರಲ್ಲಿ, ತೂತಿನ ಮಾದರಿಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ರಾತ್ರಿ ಹೊತ್ತು ದೀಪದ ಸುತ್ತ ಬಳೆಯಂಥ ಬೆಳಕು ಕಾಣುವುದಕ್ಕೆ ಈ ತೂತೂ ಒಂದು ಕಾರಣ. ಹೆಚ್ಚಿನವರಿಗೆ ಕೆಲ ತಿಂಗಳಲ್ಲಿ ಅಭ್ಯಾಸವಾಗುತ್ತದೆ.

'ಬೇಡ ಅಂದರೆ ತೆಗೀಬಹುದು' ಅನ್ನುವ ಮಾತು ಜಾಹೀರಾತಿನಲ್ಲಿ ಬಹಳ ಕೇಳಿಬರುತ್ತದೆ. ಲೆನ್ಸ್ ತೆಗೆಯಬಹುದು, ನಿಜ. ಲೇಸರ್‌ನಲ್ಲಿ ಕರಗಿಸಿದ ಕಾರ್ನಿಯಾ ವಾಪಸ್ ಬರುವುದಿಲ್ಲ, ಆ ಲೆಕ್ಕದಲ್ಲಿ ಇದು ಮೇಲು. ಆದರೆ ತೆಗೆಯುವುದೂ ಒಂದು ಆಪರೇಷನ್ನೇ. ಕಾರ್ನಿಯಾದ ಒಳಮೈಯಲ್ಲಿ ನೀರನ್ನು ಹೊರಗೆ ಪಂಪ್ ಮಾಡುವ ಜೀವಕೋಶಗಳ ಒಂದೇ ಒಂದು ಪದರವಿದೆ. ನಮ್ಮ ವಯಸ್ಸಿನಲ್ಲಿ ಚದರ ಮಿ.ಮೀ.ಗೆ 3,000ದ ಆಸುಪಾಸು. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಣ್ಣು ತೆರೆದು ಮಾಡುವ ಪ್ರತಿ ಆಪರೇಷನ್‌ನಲ್ಲೂ ಕೆಲವು ಸಾಯುತ್ತವೆ. 500ರ ಹತ್ತಿರ ಇಳಿದರೆ ಕಾರ್ನಿಯಾ ಮಬ್ಬಾಗುತ್ತದೆ, ಆಗ ಕಸಿಯೇ ಗತಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣು ನಾಲ್ವರಿಗೆ ದೃಷ್ಟಿ ಕೊಟ್ಟಿದ್ದು ಹೇಗೆ ಅಂತ ಆಶ್ಚರ್ಯಪಟ್ಟಿದ್ದೆವಲ್ಲ? ಪ್ರತಿ ಕಾರ್ನಿಯಾವನ್ನೂ ಮುಂಪದರ, ಹಿಂಪದರ ಅಂತ ಬೇರ್ಪಡಿಸಿದ್ದರು. ಆ ಹಿಂಪದರದಲ್ಲಿರುವುದೇ ಈ ಕೋಶಗಳು.

ಹಾಗಾದರೆ ಯಾರಿಗೆ ಯಾವುದು? −2, −3 ಇರುವವರು ಕಣ್ಣಿನೊಳಗೆ ಆಪರೇಷನ್ ಮಾಡಿಸಿಕೊಳ್ಳುವುದು ನಮಗಂತೂ ಅತಿ ಅನಿಸುತ್ತದೆ. −8, −10 ಇದ್ದು, ಕಾರ್ನಿಯಾ ತೆಳು ಅಂತ ಲೇಸರ್‌ಗೆ ಬೇಡ ಅನಿಸಿಕೊಂಡು, ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಕಣ್ಣು ಒಣಗುವವರಿಗೆ ಐಸಿಎಲ್ ನಿಜಕ್ಕೂ ಬದುಕು ಬದಲಿಸಬಹುದು. ಎರಡೂ ಕಣ್ಣಿಗೆ ಸೇರಿ ಲಕ್ಷ ದಾಟುವ ಖರ್ಚು ಅದು. ಕಾರ್ನಿಯಾ ಮತ್ತು ಮಸೂರದ ನಡುವಿನ ಆಳ 2.8ರಿಂದ 3 ಮಿ.ಮೀ. ಇಲ್ಲದಿದ್ದರೆ ಜಾಗವೇ ಸಾಲದು. ವಯಸ್ಸು 21 ದಾಟಿರಬೇಕು, ಒಂದು ವರ್ಷದಿಂದ ಪವರ್ ನಿಂತಿರಬೇಕು. ಥರ್ಡ್ ಸೆಮ್‌ನಲ್ಲಿರುವವರಿಗೆ ಇವೆರಡೂ ಆಗಿರುವುದು ಕಷ್ಟ, ಆಫರ್ ಎಷ್ಟೇ ಚೆನ್ನಾಗಿರಲಿ.

ಇನ್ನೆರಡು ವಿಷಯ ಕೌಂಟರ್‌ನಲ್ಲಿ ಯಾರೂ ಹೇಳುವುದಿಲ್ಲ. ಮೇಲಿನದಾಗಲಿ ಒಳಗಿನದಾಗಲಿ, ಲೆನ್ಸ್ ಬೆಳಕನ್ನು ತಿದ್ದುತ್ತದೆ, ಉದ್ದವಾದ ಕಣ್ಣುಗುಡ್ಡೆಯನ್ನು ಗಿಡ್ಡ ಮಾಡುವುದಿಲ್ಲ. ಹಿಗ್ಗಿ ತೆಳುವಾದ ರೆಟಿನಾ ಹರಿಯುವ ಅಪಾಯ ಹಾಗೇ ಇರುತ್ತದೆ. ಕನ್ನಡಕ ಹೋದರೂ ವರ್ಷಕ್ಕೊಮ್ಮೆ ರೆಟಿನಾ ತೋರಿಸಬೇಕು. ಮಿಂಚು ಹೊಡೆದಂತೆ ಕಂಡರೆ, ಕಪ್ಪು ಚುಕ್ಕೆಗಳು ಇದ್ದಕ್ಕಿದ್ದಂತೆ ಹೆಚ್ಚಾದರೆ ಅದೇ ದಿನ ಹೋಗಬೇಕು. ಎರಡನೆಯದು, ಐಸಿಎಲ್‌ಗೆ ಅಳತೆ ಕೊಡಲು ಹೋಗುವ ಮುಂಚೆ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸನ್ನು ಒಂದೆರಡು ವಾರವಾದರೂ ಬಿಟ್ಟಿರಬೇಕು, ಗಟ್ಟಿ ಲೆನ್ಸ್ ಆದರೆ ಇನ್ನೂ ಹೆಚ್ಚು ದಿನ. ಲೆನ್ಸ್ ಒತ್ತಡಕ್ಕೆ ಕಾರ್ನಿಯಾದ ವಕ್ರತೆ ಕೊಂಚ ಬದಲಾಗಿರುತ್ತದೆ. ಅದೇ ತಪ್ಪು ವಕ್ರತೆ ಲೆಕ್ಕಕ್ಕೆ ಹೋದರೆ ಬರುವ ಪವರ್ ಕೂಡ ತಪ್ಪೇ. ಎಷ್ಟು ದಿನ ಅಂತ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಕೇಳಿಕೊಳ್ಳಿ, ಅಷ್ಟು ದಿನ ಹಳೇ ಕನ್ನಡಕವೇ ಇರಲಿ.