ಮುಂದಾಗಿ ತಿಳಿಸಲ್ಪಟ್ಟ ಆನೆಕಲ್ಲಿನ ಮಳೆ

ಪಾಠಭಾಗ: ವಿಮೋಚನಕಾಂಡ ೯:೧೮–೨೬, ಅಪೊಸ್ತಲರ ಕೃತ್ಯಗಳು ೨೭:೯–೪೪.

ಐಗುಪ್ತದ ಏಳನೆಯ ಬಾಧೆಯಲ್ಲಿ ನಾವು ಲಕ್ಷ್ಯವಿಡದೆ ದಾಟಿಹೋಗುವ ಒಂದು ಸಂಗತಿ ಉಂಟು. ಆನೆಕಲ್ಲಿನ ಮಳೆಯು ಬೀಳುವದಕ್ಕೆ ಒಂದು ದಿನ ಮುಂಚೆಯೇ ದೇವರು ಮೋಶೆಯ ಮೂಲಕ ಎಚ್ಚರಿಕೆ ಕೊಟ್ಟು, ಹೊಲದಲ್ಲಿದ್ದ ಆಳುಗಳನ್ನೂ ದನಗಳನ್ನೂ ಮನೆಗೆ ಸೇರಿಸಿಕೊಳ್ಳಬೇಕೆಂದು ಹೇಳಿಸಿದನು. ಫರೋಹನ ಸೇವಕರಲ್ಲಿ ಆ ಮಾತಿಗೆ ಭಯಪಟ್ಟವರು ಹಾಗೆಯೇ ಮಾಡಿದರು, ಉಳಿದವರು ತಿರಸ್ಕರಿಸಿದರು. ತಿರಸ್ಕರಿಸಿದವರು ಯಜಮಾನರು, ಬಯಲಿನಲ್ಲಿ ನಿಂತವರು ಆಳುಗಳು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ.

ಈ ಕಾಲದಲ್ಲಿ ೧೮೭೫ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯು ಮಳೆ ಗಾಳಿಗಳ ಸೂಚನೆಯನ್ನು ವರ್ಣಗಳಿಂದ ತಿಳಿಸುತ್ತದೆ. ಹಸುರೆಂದರೆ ಅಪಾಯವಿಲ್ಲ, ಹಳದಿಯೆಂದರೆ ಲಕ್ಷ್ಯವಿಡಿರಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ತಡಮಾಡದೆ ಕಾಪಾಡಿಕೊಳ್ಳಿರಿ. ಸಿಡಿಲಿನ ಸೂಚನೆಗೆ ದಾಮಿನಿ ಎಂಬ ಮೊಬೈಲ್ ಸಾಧನವೂ ಉಂಟು.

ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳುಗಳ ಬಿಸಿಲು ಏರಿದ ಮೇಲೆ ಸಾಯಂಕಾಲ ಗುಡುಗು ಮಳೆ ಬರುವದು ವಾಡಿಕೆ. ೨೦೨೩ನೇ ಮೇ ೨೧ರ ಆದಿತ್ಯವಾರ ಕೆ. ಆರ್. ವೃತ್ತದ ಕೆಳಸೇತುವೆಯಲ್ಲಿ ನಿಂತ ನೀರಿನೊಳಗೆ ಕಾರು ಸಿಕ್ಕಿಕೊಂಡು ಒಬ್ಬ ಯುವತಿಯು ಪ್ರಾಣ ಕಳೆದುಕೊಂಡಳು. ೨೦೨೪ನೇ ಜೂನ್ ೨ರ ಆದಿತ್ಯವಾರ ೧೧೧.೧ ಮಿಲಿಮೀಟರ್ ಮಳೆ ಸುರಿದು, ೧೮೯೧ರಿಂದ ನಿಂತಿದ್ದ ಜೂನ್ ತಿಂಗಳ ಒಂದು ದಿನದ ದಾಖಲೆಯನ್ನು ಮುರಿಯಿತು. ಅನೇಕ ಮರಗಳು ಉರುಳಿದವು. ಬಸವನಗುಡಿ, ಮಲ್ಲೇಶ್ವರಗಳ ಬೀದಿಗಳಿಗೆ ನೆರಳಾದ ಹಳೆಯ ಮರಗಳೇ ಬಿರುಗಾಳಿಯಲ್ಲಿ ಅಪಾಯವಾಗುತ್ತವೆ.

ನಾವು ಇದನ್ನು ನಾಚಿಕೆಯಿಂದ ಬರೆಯುತ್ತೇವೆ. ಒಂದು ಬೇಸಗೆಯ ಸಂಜೆ ಚಾಮರಾಜಪೇಟೆಯ ಮನೆಯೊಂದರಲ್ಲಿ ಪ್ರಾರ್ಥನಾಕೂಟವಿತ್ತು. ಕಿತ್ತಳೆ ಸೂಚನೆ ಬಂದಿದೆಯೆಂದು ಒಬ್ಬ ತರುಣನು ಹೇಳಲು, ಮಳೆಗೆ ಹೆದರುವ ಭಕ್ತಿ ಎಂಥದೆಂದು ನಾವು ನಕ್ಕೆವು. ನಮ್ಮ ಮಾತನ್ನು ನಂಬಿ ಬಂದ ಒಬ್ಬ ವೃದ್ಧೆಯು ಹಿಂದಿರುಗುವಾಗ ಕೊಂಬೆಯೊಂದು ಮುರಿದು ಆಕೆಯ ಭುಜದ ಮೇಲೆ ಬಿತ್ತು; ಎಲುಬು ಮುರಿಯಿತು. ನಕ್ಕವರು ನಾವು, ನೋವುಂಡವಳು ಆಕೆ. ಐಗುಪ್ತದ ಯಜಮಾನರ ಪಾಪವು ನಮ್ಮದೇ ಎಂದು ಆ ರಾತ್ರಿ ತಿಳಿದೆವು.

ದೇವರ ಮೇಲೆ ಭರವಸವಿಟ್ಟವರಿಗೆ ಇಂಥ ಎಚ್ಚರ ಯಾಕೆಂದು ಕೇಳುವವರುಂಟು. ಪೌಲನನ್ನು ನೋಡಿರಿ. ಹಡಗಿನಲ್ಲಿದ್ದ ೨೭೬ ಮಂದಿಯಲ್ಲಿ ಒಬ್ಬನೂ ನಾಶವಾಗನೆಂಬ ವಾಗ್ದಾನವು ಅವನಿಗೆ ದೊರೆತಿತ್ತು. ಆದರೂ ನಾವಿಕರು ಕಳ್ಳತನದಿಂದ ಹೊರಡುವದನ್ನು ಕಂಡಾಗ, ಅವರು ಹಡಗಿನಲ್ಲಿ ಉಳಿಯದಿದ್ದರೆ ಯಾರೂ ಉಳಿಯಲಾರರೆಂದು ಶತಾಧಿಪತಿಗೆ ತಿಳಿಸಿದನು. ವಾಗ್ದಾನವನ್ನು ಕೊಟ್ಟ ದೇವರೇ ಅದನ್ನು ನೆರವೇರಿಸುವ ಸಾಧನಗಳನ್ನೂ ಕೊಡುತ್ತಾನೆ. ಸಾಧನವನ್ನು ತಳ್ಳುವದು ನಂಬಿಕೆಯಲ್ಲ, ಕರ್ತನನ್ನು ಪರೀಕ್ಷಿಸುವದೇ.

ಆದದರಿಂದ ಹೀಗೆ ನಡೆಯತಕ್ಕದ್ದು:

೧. ಮಿಂಚು ಕಂಡಾಗ ಎಣಿಸಿರಿ. ಸುಮಾರು ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸುವದರೊಳಗೆ ಗುಡುಗು ಕೇಳಿದರೆ ಕಟ್ಟಡದೊಳಗೆ ಸೇರಿರಿ; ಕಡೆಯ ಗುಡುಗಿನ ತರುವಾಯ ಅರ್ಧ ಗಂಟೆ ಹೊರಗೆ ಬಾರದಿರಿ.

೨. ಹೊಲದಲ್ಲಿಯಾಗಲಿ ಬೀದಿಯಲ್ಲಿಯಾಗಲಿ ಮರದಡಿ ನಿಲ್ಲಬೇಡಿರಿ. ಕುರಿ ಕಾಯುವ ಮಕ್ಕಳಿಗೆ ಇದನ್ನು ಮೊದಲು ಕಲಿಸಿರಿ.

೩. ಹರಿಯುವ ನೀರು ಮೊಣಕಾಲೆತ್ತರವಿದ್ದರೂ ಬಲಿಷ್ಠನನ್ನು ಕೆಡವಬಲ್ಲದು. ಆಳ ತಿಳಿಯದ ನೀರಿಗೆ ಕಾಲನ್ನೂ ಗಾಡಿಯನ್ನೂ ಇಳಿಸಬೇಡಿರಿ.

೪. ಕಡಿದುಬಿದ್ದ ವಿದ್ಯುತ್ ತಂತಿಯ ಹತ್ತಿರ ಹೋಗದೆ, ಇತರರನ್ನೂ ತಡೆಯಿರಿ.

೫. ಸೂಚನೆ ಬಂದ ದಿನ ಸಭೆಯ ಹಿರಿಯರು ಕೂಟವನ್ನು ಮುಂದಕ್ಕೆ ಹಾಕಲು ಸಂಕೋಚಪಡಬಾರದು. ಒಂಟಿಯಾಗಿರುವ ಮುದುಕರ ಮನೆಗೆ ಸುದ್ದಿ ಮುಟ್ಟಿಸುವದೂ ಆ ದಿನದ ದೇವಾರಾಧನೆಯೇ.

ಯೋಚಿಸತಕ್ಕ ಪ್ರಶ್ನೆಗಳು: ಎಚ್ಚರಿಕೆಯು ಕರುಣೆಯಾಗಿರುವದು ಹೇಗೆ? ನಮ್ಮ ಅಲಕ್ಷ್ಯದಿಂದ ಬಯಲಿನಲ್ಲಿ ನಿಲ್ಲುವವರು ಯಾರು?

ನಮ್ಮ ಕೈಕೆಳಗಿರುವವರನ್ನು ಮಾಡಿನೊಳಗೆ ಸೇರಿಸುವ ಬುದ್ಧಿಯನ್ನು ಕರ್ತನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.