ತವರು ಕೇಳಿ ಗಿಡ ತನ್ನಿ

ಎಲ್ಲಿಗೆ ಹೋದರೂ ಬರುವಾಗ ಕೈಯಲ್ಲೊಂದು ಗಿಡ ಹಿಡಿದುಕೊಂಡೇ ಬರುವವರು ನೀವು. ಬೈಯುತ್ತಿಲ್ಲ, ನನ್ನದೂ ಅದೇ ಜಾತಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಗಾಜಿನ ಮನೆಗಿಂತ ಗಿಡ ಮಾರುವ ಮಳಿಗೆಗಳ ಮುಂದೆಯೇ ಹೆಚ್ಚು ಹೊತ್ತು ನಿಲ್ಲುವವಳು ನಾನು. ಆದರೂ ಒಂದು ಮಾತು ಕೇಳಿ. ಸೊಸೆ ತರುವಾಗ ತವರು ವಿಚಾರಿಸುತ್ತೀರಿ, ಗಿಡ ತರುವಾಗ ಬಣ್ಣ ನೋಡಿದರೆ ಸಾಕೇ?

ಅಡೀನಿಯಂ ಆಫ್ರಿಕಾ, ಅರೇಬಿಯಾ ಕಡೆಯ ಒಣನೆಲದ ಗಿಡ. ಬುಡವನ್ನು ಗಡಿಗೆಯ ಹಾಗೆ ಊದಿಸಿಕೊಂಡು ನೀರನ್ನು ತಾನೇ ಕೂಡಿಟ್ಟುಕೊಳ್ಳುತ್ತದೆ. ಅದಕ್ಕೆ ದಿನಾ ಒಂದು ಚೊಂಬು ನೀರು ಸುರಿದು, ಮಳೆಗಾಲದಲ್ಲಿ ಅಂಗಳದಲ್ಲೇ ಬಿಟ್ಟು, ಕೊಳೆತ ಮೇಲೆ 'ನಮ್ಮ ಕೈಗುಣ ಸರಿಯಿಲ್ಲ' ಎನ್ನುತ್ತೀರಿ. ಕೈಗುಣ ಸರಿಯಾಗಿಯೇ ಇದೆ, ಅತಿಯಾಗಿರುವುದು ಪ್ರೀತಿ. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು. ಮಳೆ ಹಿಡಿಯಿತೆಂದರೆ ಸೂರಿನ ಕೆಳಗೆ ಎಳೆದಿಡಿ. ಅದರ ಹಾಲು ವಿಷ, ಕೊಂಬೆ ಸವರಿದ ಮೇಲೆ ಕೈ ತೊಳೆಯಿರಿ. ಇನ್ನು ಮ್ಯಾಂಗೋಸ್ಟೀನ್ ಮಲಯದ ಕಡೆಯದು. ಬೆವರು ಬರುವಂಥ ಸೆಕೆ, ತೇವದ ಗಾಳಿ, ಎಳೆಯದಿರುವಾಗ ನೆರಳು ಕೇಳುತ್ತದೆ. ಪುತ್ತೂರು, ಸುಳ್ಯದ ತೋಟದವರು ನೆಟ್ಟರೆ ಸರಿ, ಕಲಬುರಗಿಯ ತಾರಸಿಯಲ್ಲಿ ನೆಟ್ಟು ಗಿಡದ ಮೇಲೆ ಸಿಟ್ಟಾಗಬೇಡಿ.

ಎರಡನೆಯದು ಕಸಿಯ ವಿಚಾರ. ಇದರಲ್ಲಿ ನಾನು ಸ್ವತಃ ಟೋಪಿ ಹಾಕಿಸಿಕೊಂಡಿದ್ದೇನೆ. ಮನೆ ಬಾಗಿಲಿಗೆ ಗಾಡಿಯಲ್ಲಿ ಬಂದವನೊಬ್ಬ 'ಕಸಿ ಗಿಡ ಅಮ್ಮಾ' ಎಂದು ರಂಬುಟಾನ್ ಕೊಟ್ಟ. ಅರ್ಧ ಬೆಲೆ. ಏಳು ವರ್ಷ ಗೊಬ್ಬರ ಹಾಕಿ ಸಾಕಿದೆ. ಮೈತುಂಬ ಹೂ ಬಿಟ್ಟಿತು, ಎಲ್ಲವೂ ಗಂಡು ಹೂ! ಬೀಜದಿಂದ ಎದ್ದ ರಂಬುಟಾನ್ ಗಂಡು ಮರವಾಗುವುದು ಅಪರೂಪವೇನಲ್ಲ. ಅಗ್ಗದ ಆಸೆಗೆ ಮುಗ್ಗುಲು ಜೋಳ ತಂದರು ಅನ್ನುವ ಗಾದೆಯನ್ನು ಅಲ್ಲಿಯವರೆಗೆ ಬೇರೆಯವರಿಗೆ ಹೇಳುತ್ತಿದ್ದೆ. ನೀವು ಕೊಳ್ಳುವಾಗ ಕೂತು ಬುಡ ನೋಡಿ. ಮಣ್ಣಿನಿಂದ ಗೇಣುದ್ದದೊಳಗೆ ಕಾಂಡದಲ್ಲೊಂದು ಗಂಟು ಇರಬೇಕು. ಗಂಟಿನ ಕೆಳಗಿನ ತೊಗಟೆಗೂ ಮೇಲಿನದಕ್ಕೂ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ, ಕೆಲವಕ್ಕೆ ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯೂ ಹಾಗೇ ಇರುತ್ತದೆ. ಮನೆಗೆ ತಂದು ನೆಟ್ಟು ಚಿಗುರಿದ ಮೇಲೆ ಆ ಪಟ್ಟಿ ಬಿಚ್ಚಿ, ಇಲ್ಲದಿದ್ದರೆ ಕುತ್ತಿಗೆ ಬಿಗಿಯುತ್ತದೆ. ನೆಡುವಾಗ ಗಂಟು ಮಣ್ಣಿನೊಳಗೆ ಹೂತುಹೋಗಬಾರದು. ಗಂಟಿನ ಕೆಳಗೆ ಚಿಗುರು ಬಂತೋ, ಅಯ್ಯೋ ಪಾಪ ಎನ್ನದೆ ಚಿವುಟಿ ಹಾಕಿ. ಅದು ಕಸಿಯದಲ್ಲ, ಬೇರುಗಿಡದ್ದು.

'ಡ್ರ್ಯಾಗನ್ ಫ್ರೂಟ್ ಹೂ ಬಿಡುತ್ತದೆ, ಕಾಯಿ ನಿಲ್ಲುವುದಿಲ್ಲ' ಎಂದು ದೂರುವವರಿಗೆ ನನ್ನದೊಂದು ಪ್ರಶ್ನೆ. ಹೂ ಅರಳಿದಾಗ ನೀವೆಲ್ಲಿದ್ದಿರಿ? ಮಲಗಿದ್ದಿರಿ. ಅದು ಕಳ್ಳಿಯ ಕುಲ, ರಾತ್ರಿ ಅರಳಿ ಬೆಳಿಗ್ಗೆ ಬಿಸಿಲೇರುವಷ್ಟರಲ್ಲಿ ಬಾಡುತ್ತದೆ. ಅದರ ತವರಿನಲ್ಲಿ ಬಾವಲಿ, ಪತಂಗಗಳು ಪರಾಗ ಮುಟ್ಟಿಸುವ ಕೆಲಸ ಮಾಡುತ್ತವೆ. ನಿಮ್ಮ ಎರಡನೇ ಮಹಡಿಗೆ ಅವು ಬಂದಾವು ಎಂದು ಕಾಯಬೇಡಿ. ರಾತ್ರಿ ಹತ್ತರ ಹೊತ್ತಿಗೆ ಟಾರ್ಚ್, ಮಕ್ಕಳ ಬಣ್ಣದ ಬ್ರಷ್, ಒಂದು ಡಬ್ಬಿ ಮುಚ್ಚಳ ಹಿಡಿದು ಹೋಗಿ. ಬೊಗಸೆಗಿಂತ ದೊಡ್ಡ ಹೂವಿನ ಒಳಗೆ ನೂರಾರು ಎಳೆ ಇರುತ್ತವೆ. ಅವುಗಳ ತುದಿಯ ಹಳದಿ ಪುಡಿಯನ್ನು ಮುಚ್ಚಳಕ್ಕೆ ಉದುರಿಸಿಕೊಳ್ಳಿ. ನಡುವೆ ಬೆರಳುಗಳನ್ನು ಬಿಡಿಸಿದ ಹಾಗೆ ಒಂದು ದಪ್ಪ ಎಳೆ ಮುಂದಕ್ಕೆ ಚಾಚಿರುತ್ತದಲ್ಲ, ಅದಕ್ಕೆ ಪುಡಿಯನ್ನು ಧಾರಾಳವಾಗಿ ಮೆತ್ತಿ. ಕೆಲವು ತಳಿಗೆ ತನ್ನದೇ ಪರಾಗ ಒಗ್ಗದು, ಅದಕ್ಕೇ ಬೇರೆ ತಳಿಯ ಎರಡನೇ ಬಳ್ಳಿಯೊಂದು ಮನೆಯಲ್ಲಿದ್ದರೆ ಒಳ್ಳೆಯದು. ಹೂ ಬಾಡಿ ಐದಾರು ದಿನವಾದರೂ ಬುಡ ಹಸಿರಾಗಿಯೇ ಇದ್ದರೆ ಕಾಯಿ ನಿಂತಿತು ಅನ್ನಿ. ಸುಮಾರು ಒಂದು ತಿಂಗಳಲ್ಲಿ ಹಣ್ಣು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ಇಲ್ಲಿ ನಿದ್ದೆ ಕೆಟ್ಟರೆ ಹಣ್ಣು.

ಹಳದಿ ಪ್ಯಾಶನ್ ಫ್ರೂಟಿನದೂ ಇದೇ ಕಥೆ, ಒಂಟಿ ಬಳ್ಳಿ ಕಾಯಿ ಕಟ್ಟುವುದಿಲ್ಲ. ಅದು ಮಧ್ಯಾಹ್ನ ಅರಳುವ ಹೂ. ದಪ್ಪ ಕರಿದುಂಬಿ ಬಂದು ಬೆನ್ನಿಗೆ ಪರಾಗ ಬಳಿದುಕೊಂಡು ಹೋಗುತ್ತದೆ. ಆ ಹೊತ್ತಿಗೆ ಸರಿಯಾಗಿ ನೀವು ಕೀಟನಾಶಕ ಹೊಡೆದರೆ ದುಂಬಿಯೂ ಇಲ್ಲ, ಕಾಯಿಯೂ ಇಲ್ಲ. ಹೊಡೆಯಲೇಬೇಕಿದ್ದರೆ ಬೇವಿನೆಣ್ಣೆ, ಅದೂ ಹೂ ಮುಚ್ಚಿದ ಮೇಲೆ.

ಇನ್ನೊಂದು ಚಟವಿದೆ, ಇದಕ್ಕೆ ನಾನು ಗದರಿಸಿಯೇ ಸಿದ್ಧ. ಮಲೆನಾಡಿನ ಪ್ರವಾಸಕ್ಕೆ ಹೋಗಿ ಮರದ ಮೇಲಿನ ಸೀತಾಳೆ ದಂಡೆ ಎಂಬ ಆರ್ಕಿಡ್ಡನ್ನು ಕಿತ್ತು ತರುವುದು. ಮರದ ಮೇಲೆ ಗಾಳಿ, ಮಂಜು ಕುಡಿದು ಬದುಕುವ ಗಿಡವನ್ನು ಕುಂಡದ ಗೊಬ್ಬರದ ಮಣ್ಣಿಗೆ ಹೂತರೆ ಅದು ಉಳಿದೀತೇ? ಆರ್ಕಿಡ್ ಬೇಕಿದ್ದರೆ ನರ್ಸರಿಯಲ್ಲಿ ಬೆಳೆಸಿದ್ದನ್ನು ಕೊಳ್ಳಿ, ಇದ್ದಿಲು, ಹೆಂಚಿನ ಚೂರು, ತೆಂಗಿನ ಸಿಪ್ಪೆಯ ಮೇಲೆ ಕೂರಿಸಿ. ವಿದೇಶಕ್ಕೆ ಹೋದವರು ಪೆಟ್ಟಿಗೆಯ ಬಟ್ಟೆ ನಡುವೆ ಬೀಜ, ಗಡ್ಡೆ ಬಚ್ಚಿಟ್ಟು ತರುವುದೂ ಬೇಡ. ಅದಕ್ಕೆ ಪರವಾನಗಿ, ರೋಗವಿಲ್ಲವೆಂಬ ಪ್ರಮಾಣಪತ್ರ ಬೇಕೆಂದು ಕಾಯಿದೆ ಇದೆ. ಬಂಡೀಪುರದ ಕಾಡಿನೊಳಗೆ ಹಬ್ಬಿ ಕೂತಿರುವ ಲಂಟಾನವೂ ಒಂದು ಕಾಲಕ್ಕೆ ಚಂದದ ಹೂವೆಂದೇ ಈ ದೇಶಕ್ಕೆ ಬಂದದ್ದು.

ಬ್ರಹ್ಮಕಮಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಎಲ್ಲರ ಮನೆಯಲ್ಲೂ ಇದೆ. ಹಿಮಾಲಯದ ಬ್ರಹ್ಮಕಮಲವೇ ಬೇರೆ, ನಮ್ಮ ಅಂಗಳದ್ದು ಮೆಕ್ಸಿಕೋ ಕಡೆಯ ಕಳ್ಳಿ. ಪೂಜೆಗೆ ಇಡುವವರು ಇಡಿ, ದೇವರು ಪಾಸ್‌ಪೋರ್ಟ್ ಕೇಳುವುದಿಲ್ಲ. ದೊಡ್ಡ ಕುಂಡ ಬೇಡ, ಸುಡುಬಿಸಿಲು ಬೇಡ. ಮೊಗ್ಗು ಸೊಂಡಿಲಿನಂತೆ ಮೇಲಕ್ಕೆ ಬಾಗಿ ಉಬ್ಬಿದ ಸಂಜೆ ಪಕ್ಕದ ಮನೆಯವರಿಗೆ ಹೇಳಿ ಕಳಿಸಿ, ಕಾಫಿಗೆ ಹಾಲು ತೆಗೆದಿಡಿ. ಬಂದವರು ನೆಡಲು ಎಲೆ ಕೇಳಿಯೇ ಕೇಳುತ್ತಾರೆ. ಎಳೆಯದು ಕೊಡಬೇಡಿ, ಕೊಳೆಯುತ್ತದೆ. ಬಲಿತದ್ದನ್ನು ಕೊಯ್ದು, ನಾಲ್ಕು ದಿನ ನೆರಳಲ್ಲಿ ಒಣಗಿಸಿ, ಯಾವ ತುದಿ ಕೆಳಗೆಂದು ದಾರ ಕಟ್ಟಿ ಗುರುತು ಮಾಡಿ ಕೊಡಿ.